ಹಳ್ಳದ ಕಡೆ ಹೊಡೆದ ಚೆಂಡು

ನನ್ನ ಮಗಳು ಸಾಫ್ಟ್‌ಬಾಲ್ ಆಡುತ್ತಾಳೆ ಎಂದರೆ ಕೇಳಿದವರೆಲ್ಲ ಮೊದಲು "ಅದೇನದು?" ಎನ್ನುತ್ತಾರೆ. ಮೂರು ವರ್ಷದ ಹಿಂದೆ ನಾನೂ ಹಾಗೇ ಕೇಳಿದ್ದೆ. ಹೆಸರಿನಲ್ಲೇ ಸಾಫ್ಟ್ ಇದೆಯಲ್ಲ ಎಂದು ನಂಬಿ ಮೊದಲ ದಿನ ಬರಿಗೈಯಲ್ಲಿ ಚೆಂಡು ಹಿಡಿಯಲು ಹೋಗಿ, ಮೂರು ದಿನ ಮುದ್ದೆ ಕಟ್ಟಲಾಗದೆ ಕೂತಿದ್ದೆ. ಆ ಹೆಸರಿಟ್ಟ ಮಹಾನುಭಾವ ಎಲ್ಲಿದ್ದಾನೋ, ಅವನ ಅಂಗೈಗೂ ಒಂದು ಬೀಳಲಿ ಎಂದು ಇವತ್ತಿಗೂ ಹಾರೈಸುತ್ತೇನೆ.

ಆಟ ಅರ್ಥವಾಗದಂಥದ್ದೇನಲ್ಲ. ಒಬ್ಬಳು ತೋಳನ್ನು ಕೆಳಗಿನಿಂದ ಬೀಸಿ ಚೆಂಡು ಎಸೆಯುತ್ತಾಳೆ. ಇನ್ನೊಬ್ಬಳು ಉರುಟು ಬ್ಯಾಟಿನಲ್ಲಿ ಹೊಡೆದು, ಬ್ಯಾಟನ್ನು ಅಲ್ಲೇ ಬಿಸಾಡಿ, ಮೈದಾನದ ಮೂಲೆಗಳಲ್ಲಿಟ್ಟ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟುತ್ತ ಓಡುತ್ತಾಳೆ. ಪೂರ್ತಿ ಸುತ್ತಿ ಹೊರಟ ಜಾಗಕ್ಕೇ ವಾಪಸ್ ಬಂದರೆ ಒಂದು ರನ್. ಇದನ್ನು ನನ್ನ ಗಂಡನಿಗೆ ವಿವರಿಸಿದಾಗ ಅವರು, "ಹೊರಟ ಜಾಗಕ್ಕೇ ಬರದಾದ್ರೆ ಹೋಗದ್ಯಾಕೆ?" ಎಂದರು. ಅವರು ದಿನ ಬಿಟ್ಟು ದಿನ ಪಿಕಪ್‌ನಲ್ಲಿ ತರಕಾರಿ ತುಂಬಿಕೊಂಡು ಘಟ್ಟದ ಕೆಳಗಿನ ಮೆಟ್ಟುಪಾಳ್ಯಂ ಮಾರ್ಕೆಟ್ಟಿಗೆ ಇಳಿದು, ಹೊರಟ ಜಾಗಕ್ಕೇ ವಾಪಸ್ ಬರುವವರು. ಅದನ್ನು ನೆನಪಿಸಿದ ಮೇಲೆ ಆಟದ ಬಗ್ಗೆ ಅಭಿಪ್ರಾಯ ಕೊಡುವುದನ್ನು ನಿಲ್ಲಿಸಿದರು.

ನಾನು ಹುಟ್ಟಿದ್ದು ಗುಂಡ್ಲುಪೇಟೆ ಕಡೆ, ಸಂಸಾರ ಮಾಡುತ್ತಿರುವುದು ಊಟಿ ಹತ್ತಿರದ ನಂಜನಾಡಿನಲ್ಲಿ. ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಮಾಡಿದ ಹೊಲದಲ್ಲಿ ಕ್ಯಾರೆಟ್, ಆಲೂಗಡ್ಡೆ, ಕೋಸು ಬೆಳೆಯುತ್ತೇವೆ. ಕೋಸು ಕಡಿದ ದಿನ ಅದನ್ನು ಪಿಕಪ್‌ಗೆ ತುಂಬುವುದಕ್ಕೆ ಒಂದು ಕ್ರಮವಿದೆ. ಕೆಳಗೆ ನಿಂತವರು ತೋಳು ಬೀಸಿ ಒಂದೊಂದೇ ಕೋಸನ್ನು ಮೇಲಕ್ಕೆಸೆಯಬೇಕು. ಗಾಡಿಯ ಮೇಲೆ ನಿಂತವರು ಅದನ್ನು ಹಿಡಿದು ಜೋಡಿಸಬೇಕು. ನಡುವೆ ನಿಲ್ಲುವಂತಿಲ್ಲ, ಮಾತಾಡುವಂತಿಲ್ಲ, ಆಕಾಶ ನೋಡುವಂತಿಲ್ಲ. ನೋಡಿದರೆ ಹಲ್ಲು ಹೋಗುತ್ತದೆ. ನಮ್ಮ ಮನೆಯಲ್ಲಿ ಎಸೆಯುವವಳು ನಾನು, ಹಿಡಿಯುವವಳು ಮಗಳು. ಏಳನೇ ವಯಸ್ಸಿನಿಂದ ಅವಳದು ಅದೇ ಕೆಲಸ.

ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದ ಅವಳ ಶಾಲೆಯ ಪಿ.ಟಿ. ಸಾರ್ ನಮ್ಮ ಕೆಲಸ ನೋಡುತ್ತ ನಿಂತರು. ಬಸ್ಸು ಬಂತು, ಹೋಯಿತು, ಅವರು ಹತ್ತಲಿಲ್ಲ. ಹತ್ತಿರ ಬಂದು, "ಅಕ್ಕಾ, ಪಾಪೂನ ನನಗೆ ಕೊಟ್ಟುಬಿಡಿ" ಎಂದರು. ಆಗ ಅವಳಿಗೆ ಹನ್ನೊಂದು ವರ್ಷ. ನಾನು ಕೈಯಲ್ಲಿದ್ದ ಕೋಸನ್ನು ಅವರ ಮೂಗಿಗೆ ಗುರಿಯಿಟ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದು, "ಟೀಮ್‌ಗೆ ಅಕ್ಕಾ, ಟೀಮ್‌ಗೆ" ಎಂದರು.

ಹೀಗೆ ನನ್ನ ಮಗಳು ಆಟಗಾರ್ತಿಯಾದಳು. ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಬಂದ ಚೆಂಡನ್ನೆಲ್ಲ ಕೋಸಿನಂತೆ ಹೊಟ್ಟೆಗೆ ಅಪ್ಪಿಕೊಳ್ಳುತ್ತಿದ್ದಳು. ಗ್ಲೌಸ್ ಇರುವುದು ಕೈಗೆ, ಹೊಟ್ಟೆಗಲ್ಲ ಎಂದು ತಿಳಿಸಿ ಹೇಳಲು ಸಾರ್‌ಗೆ ಎರಡು ತಿಂಗಳು ಹಿಡಿಯಿತು. ಹೊಡೆಯುವುದನ್ನು ಮಾತ್ರ ಮೊದಲಿನಿಂದ ಕಲಿಯಬೇಕಿತ್ತು. ಶಾಲೆಯಲ್ಲಿ ವಾರಕ್ಕೆ ಎರಡೇ ದಿನ ಅಭ್ಯಾಸ. ಉಳಿದ ದಿನ ಸಾರ್ ರಜೆ ಹಾಕಿದ ಮೇಷ್ಟರ ಬದಲು ಗಣಿತ ತೆಗೆದುಕೊಳ್ಳುತ್ತಿದ್ದರು. ಆದ್ದರಿಂದ ಹೊಡೆಯುವುದನ್ನು ಕಲಿಸುವ ಹೊಣೆಯನ್ನು ನಾನೇ ಹೊತ್ತೆ. ಕೋಸನ್ನು ಗುರಿಯಿಟ್ಟು ಎಸೆಯುವವಳಿಗೆ ಚೆಂಡು ಎಸೆಯುವುದು ಯಾವ ಮಹಾ ಎಂಬ ಧೈರ್ಯ. ಆಟ ಗೊತ್ತಿಲ್ಲ ಎಂಬ ಸಂಕೋಚ ನನ್ನನ್ನು ಒಂದು ದಿನವೂ ಕಾಡಲಿಲ್ಲ.

ಶುಕ್ರವಾರ ಸಂಜೆ ಅವಳು ಶಾಲೆಯ ಬ್ಯಾಟನ್ನೂ ಚೆಂಡನ್ನೂ ಮನೆಗೆ ತರುತ್ತಿದ್ದಳು, ಸೋಮವಾರ ಬೆಳಿಗ್ಗೆ ವಾಪಸ್ ಕೊಡಬೇಕು. ಹೊಲಿಗೆ ಬಿಚ್ಚದೆ ಉಳಿದಿದ್ದ ಚೆಂಡು ಶಾಲೆಯಲ್ಲಿ ಅದೊಂದೇ. ಅದು ಕಳೆದರೆ ಇಡೀ ಟೀಮ್ ಸುಮ್ಮನೆ ಕೂರಬೇಕು ಎಂದು ಸಾರ್ ಪ್ರತಿ ಶುಕ್ರವಾರ ತಪ್ಪದೆ ಹೇಳಿ ಕಳಿಸುತ್ತಿದ್ದರು. ಕ್ಯಾರೆಟ್ ಕಿತ್ತು ಮುಂದಿನ ಬಿತ್ತನೆಗೆ ಬಿಟ್ಟ ಒಂದು ಮೆಟ್ಟಿಲು ಹೊಲವನ್ನು ನಾನು ಗುದ್ದಲಿ ಹಿಡಿದು ಸಮ ಮಾಡಿ, ಮೂಲೆಯಲ್ಲೊಂದು ಗೊಬ್ಬರದ ಚೀಲ ಹಾಸಿ, ಇದೇ ನಿನ್ನ ಮೈದಾನ ಎಂದೆ.

ಆ ಹೊಲದ ಆಕಾರವನ್ನು ಇಲ್ಲಿ ಹೇಳಲೇಬೇಕು. ಉದ್ದ ಬೇಕಾದಷ್ಟಿದೆ. ಅಗಲ ಮಾತ್ರ ಎರಡು ಪಿಕಪ್ ಒತ್ತಿ ನಿಲ್ಲಿಸುವಷ್ಟು. ಬ್ಯಾಟು ಹಿಡಿದು ನಿಂತರೆ ಎಡಕ್ಕೆ ಮೇಲಿನ ಹೊಲದ ಮಣ್ಣಿನ ಗೋಡೆ. ಬಲಕ್ಕೆ ಒಂದಾಳುದ್ದದ ಇಳಿಜಾರು, ಅದರ ಕೆಳಗೆ ಇನ್ನೊಂದು ಹೊಲ, ಅದರ ಕೆಳಗೆ ಮತ್ತೊಂದು, ಮಗದೊಂದು, ಕೊನೆಗೆ ಮುಳ್ಳುಪೊದೆ ತುಂಬಿದ ಹಳ್ಳ. ಹಳ್ಳಕ್ಕೆ ನೀರು ಕುಡಿಯಲು ಕಾಟಿಗಳು, ಅಂದರೆ ಕಾಡುಕೋಣಗಳು, ಬರುತ್ತವೆ. ಅವು ಬಂದಾಗ ನಾವು ಮರ್ಯಾದೆಯಿಂದ ಮನೆಯೊಳಗಿರುತ್ತೇವೆ.

ಮೊದಲ ತಿಂಗಳಲ್ಲೇ ಒಂದು ಭಾನುವಾರ ಮಗಳು ಹೊಡೆದ ಚೆಂಡು ಬಲಕ್ಕೆ ಹಾರಿ, ಮೂರು ಹೊಲ ದಾಟಿ ಹಳ್ಳ ಸೇರಿತು. ಅವಳನ್ನು ಕಾಟಿಯ ಬಾಯಿಗೆ ಕಳಿಸಲಾಗದೆ ನಾನೇ ಇಳಿದೆ. ಚೆಂಡು ಸಿಕ್ಕಿತು. ಹತ್ತುವಾಗ ಕಾಲು ಜಾರಿ ಬಲ ಮಂಡಿ ತಿರುಚಿತು. ಅದು ಕ್ಯಾರೆಟ್ ಕೀಳುವ ವಾರ. ಊದಿದ ಮಂಡಿ ಇಟ್ಟುಕೊಂಡು ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಹೇಗಿರುತ್ತದೆ ಎಂದು ಕೂತವರಿಗೇ ಗೊತ್ತು. ನನಗೆ ಸಿಟ್ಟು ಬಂದರೆ ನಾಲಿಗೆಗೆ ಬೇಲಿ ಇಲ್ಲ. "ಇನ್ನೊಂದ್ ಸಲ ಹಳ್ಳದ ಕಡೆ ಹೊಡುದ್ರೆ ಬ್ಯಾಟು ನೀರೊಲೆಗೆ, ನೀನು ಹೊಲಕ್ಕೆ, ತಿಳ್ಕೊ" ಎಂದು ಕೂಗಾಡಿದೆ. ಬ್ಯಾಟು ಅಲ್ಯೂಮಿನಿಯಂದು, ಒಲೆಯಲ್ಲಿ ಉರಿಯುವುದಿಲ್ಲ ಎಂದು ಗಂಡ ತಿದ್ದಿದರು. ಅವರಿಗೂ ಎರಡು ಬೈದು ನಾನು ಆ ವಿಷಯ ಮರೆತೆ. ಮಂಡಿ ಮಾತ್ರ ಚಳಿ ಬಿದ್ದಾಗಲೆಲ್ಲ ನೆನಪಿಸುತ್ತಿತ್ತು.

ಅಂದಿನಿಂದ ಮಗಳು ನೇರಕ್ಕೆ ಹೊಡೆಯತೊಡಗಿದಳು. ಚೆಂಡು ಹೇಗೆ ಬರಲಿ, ನೂಲು ಹಿಡಿದಂತೆ ಹೊಲದ ಉದ್ದಕ್ಕೇ ಹೋಗುತ್ತಿತ್ತು. ಎಸೆದವಳ ತಲೆಯ ಮೇಲಿಂದ ಹಾದು ಹೋಗುತ್ತಿದ್ದರಿಂದ ನಾನು ಎಸೆದ ತಕ್ಷಣ ಕೂರುವುದನ್ನು ಕಲಿತೆ. ಇದೆಲ್ಲ ನನ್ನ ಕೋಚಿಂಗ್ ಎಂದು ಬೀಗಿದೆ. ಶಾಲೆಯ ಪಂದ್ಯಗಳಲ್ಲಿ ಅವಳ ನೇರ ಹೊಡೆತಕ್ಕೆ ಎದುರಾಳಿ ಹುಡುಗಿಯರೂ ಕೂರತೊಡಗಿದಾಗ ಇನ್ನಷ್ಟು ಬೀಗಿದೆ. ಅವಳು ಬ್ಯಾಟು ಹಿಡಿದರೆ ಸಾಕು, ನಾನು ಎದ್ದು ನಿಂತು, "ನೇರಕ್ಕೆ ಹೊಡಿ ಕನವ್ವಾ, ನೇರಕ್ಕೆ" ಎಂದು ಕೂಗುತ್ತಿದ್ದೆ. ನನ್ನ ಗಂಟಲು ಗುಡ್ಡದಿಂದ ಗುಡ್ಡಕ್ಕೆ ಕೂಲಿಯವರನ್ನು ಕರೆದು ಪಳಗಿದ್ದು. ಒಂದು ಪಂದ್ಯದಲ್ಲಿ ನಾನು ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತ್ತು.

ಉಳಿದ ತಾಯಂದಿರು ಹೀಗಿರಲಿಲ್ಲ. ಊಟಿ, ಕುನ್ನೂರಿನ ಕಾನ್ವೆಂಟ್ ಹುಡುಗಿಯರ ಅಮ್ಮಂದಿರು ಮಡಚುವ ಕುರ್ಚಿ ತರುತ್ತಿದ್ದರು, ಸಿಪ್ಪೆ ಸುಲಿದ ಕಿತ್ತಳೆ ತರುತ್ತಿದ್ದರು, ಮೆಲ್ಲಗೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗೋಣಿಚೀಲದ ಮೇಲೆ ಕೂತು, ಹಸಿ ಕ್ಯಾರೆಟ್ ಕಡಿಯುತ್ತ, ಅಂಪೈರಿನ ಕಣ್ಣಿನ ಬಗ್ಗೆ ನನಗೆ ತೋಚಿದ್ದನ್ನು ಹೇಳುತ್ತಿದ್ದೆ. ಮಗಳು ಒಮ್ಮೆ, "ಅಮ್ಮಾ, ನೀನು ಬರದೇ ಇದ್ರೆ ಏನಾಗುತ್ತೆ?" ಎಂದು ಬಹಳ ನಯವಾಗಿ ಕೇಳಿದ್ದಳು. ಸೋಲುತ್ತೀರಿ ಎಂದೆ.

ಹೋದ ವರ್ಷ ಜಿಲ್ಲಾ ತಂಡಕ್ಕೆ ಆಯ್ಕೆ ನಡೆಯಿತು. ಹದಿನಾಲ್ಕರ ಒಳಗಿನವರ ತಂಡ. ಮಗಳಿಗೆ ಅದೇ ಕೊನೆಯ ವರ್ಷ. ಜಿಲ್ಲಾ ತಂಡಕ್ಕೆ ಸೇರಿದರೆ ರಾಜ್ಯದ ಪಂದ್ಯಕ್ಕೆ ಬಯಲು ಸೀಮೆಗೆ ಹೋಗಬಹುದು. ಅವಳು ಅಲ್ಲಿಯವರೆಗೆ ಮೆಟ್ಟುಪಾಳ್ಯಂ ದಾಟಿದ ಹುಡುಗಿಯಲ್ಲ. ತಿಂಗಳ ಮುಂಚಿನಿಂದಲೇ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಸುತ್ತು ಹಾಕಿದ್ದಳು. ನಮ್ಮ ಶಾಲೆಗೂ ಕುನ್ನೂರಿನ ಒಂದು ಕಾನ್ವೆಂಟಿಗೂ ಪಂದ್ಯ, ಅದನ್ನು ನೋಡಿ ಆರಿಸುವವರು ಇಬ್ಬರು. ಹಿಂದಿನ ದಿನ ಸಾರ್ ನನಗೆ ಫೋನ್ ಮಾಡಿ, "ಕ್ಯಾಚಿಂಗಲ್ಲಿ ಪ್ರಶ್ನೆ ಇಲ್ಲ ಅಕ್ಕಾ. ಆದ್ರೆ ನಾಳೆ ಬ್ಯಾಟಿಂಗ್ ಮಾಡ್ಲೇಬೇಕು. ಹೊಡೀಲಿಲ್ಲ ಅಂದ್ರೆ ಲಿಸ್ಟಲ್ಲಿ ಹೆಸ್ರು ಇರಲ್ಲ" ಎಂದರು. ಹೊಡೆಯುತ್ತಾಳೆ, ನೀವು ಸುಮ್ಮನೆ ನಿದ್ದೆ ಮಾಡಿ ಎಂದೆ.

ಪಂದ್ಯ ಊಟಿಯ ಆಚೆ, ಗುಡ್ಡದ ನೆತ್ತಿಯನ್ನು ತಟ್ಟಿ ಮಾಡಿದ ಒಂದು ಮೈದಾನದಲ್ಲಿ. ಆರಿಸುವವರಿಬ್ಬರೂ ಉಣ್ಣೆಯ ಟೋಪಿ ಹಾಕಿಕೊಂಡು, ಒಂದೇ ಕೊಡೆಯ ಕೆಳಗೆ ಹಾಳೆ ಪೆನ್ನು ಹಿಡಿದು ಕೂತಿದ್ದರು. ಅವರ ಬೆನ್ನ ಹಿಂದೆಯೇ ನಾನು ಗೋಣಿಚೀಲ ಹಾಸಿದೆ. ಮಗಳ ಸರದಿ ಬಂತು. ನಾನು ಎದ್ದು ನಿಂತು ವಾಡಿಕೆಯಂತೆ ಕೂಗಿದೆ. ಚೆಂಡು ನೇರಕ್ಕೇ ಹೋಯಿತು. ಓಡಿಬಂದ ಹುಡುಗಿಯೊಬ್ಬಳು ಹಿಡಿದಳು. ಔಟ್.

ಎರಡನೇ ಸರದಿ ಬರುವ ಹೊತ್ತಿಗೆ ಎದುರು ತಂಡದ ಮೇಡಂ ನನ್ನನ್ನೇ ನೋಡುತ್ತಿದ್ದರು. ನಾನು ಕತ್ತು ಎತ್ತಿ ಇನ್ನೂ ಜೋರಾಗಿ "ನೇರಕ್ಕೆ" ಎಂದೆ. ಕನ್ನಡದ ನೇರ ತಮಿಳಿನಲ್ಲೂ ನೇರವೇ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆಯಬೇಕಿತ್ತು. ಮೇಡಂ ನಕ್ಕು, "ಎಲ್ಲಾರುಂ ನಡುವುಲ ನಿಲ್ಲುಂಗ" ಎಂದು ತಮ್ಮ ಹುಡುಗಿಯರಿಗೆ ಕೈ ಬೀಸಿದರು. ಅಲ್ಲಲ್ಲಿ ಹರಡಿದ್ದವರೆಲ್ಲ ಮಧ್ಯಕ್ಕೆ ಬಂದು ರೇಷನ್ ಅಂಗಡಿಯ ಮುಂದೆ ನಿಂತಂತೆ ನಿಂತರು. ಬಲಗಡೆ ಮೈದಾನ ಖಾಲಿ. ಎಮ್ಮೆ ಕಟ್ಟಿ ಮೇಯಿಸಬಹುದಿತ್ತು. ಮಗಳು ಹೊಡೆದಳು, ನೇರಕ್ಕೇ ಹೊಡೆದಳು, ಮತ್ತೆ ಔಟಾದಳು. ಕೊಡೆಯ ಕೆಳಗಿನ ಒಬ್ಬರು ಹಾಳೆಯಲ್ಲಿ ಏನೋ ಗೀಚಿದರು. ಸಾರ್ ನನ್ನ ಹತ್ತಿರ ಬಂದು ಬಗ್ಗಿ, "ಅಕ್ಕಾ, ಕೊಂಜ ಸುಮ್ನಿರ್ತೀರಾ? ನೀವೇ ಅವ್ರಿಗೆ ಹೇಳ್ಕೊಡ್ತಾ ಇದ್ದೀರ" ಎಂದರು. ಆಗ ನನಗೆ ಅರ್ಥವಾಯಿತು. ಅವಮಾನವಾಯಿತು. ಬಾಯಲ್ಲಿದ್ದ ಕ್ಯಾರೆಟ್ಟನ್ನು ಪಕ್ಕಕ್ಕೆ ಉಗಿದೆ.

ಅಷ್ಟರಲ್ಲಿ ಮಂಜು ಬಂತು. ನಮ್ಮ ಕಡೆ ಮಂಜು ಹೇಳಿ ಕೇಳಿ ಬರುವುದಿಲ್ಲ. ಕಾಲು ಗಂಟೆಯಲ್ಲಿ ಎಸೆಯುವವಳಿಗೆ ಹೊಡೆಯುವವಳು ಕಾಣದಂತಾಗಿ ಆಟ ನಿಂತಿತು. ಮಗಳು ಬಂದು ನನ್ನ ಪಕ್ಕ ಚೀಲದ ಮೇಲೆ ಕೂತಳು. ನಾನು ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟೆ. ಸಮಾಧಾನ ಹೇಳುವ ಅಭ್ಯಾಸ ನನಗಿಲ್ಲ, ಆದ್ದರಿಂದ ಜಗಳಕ್ಕೇ ಶುರುಮಾಡಿದೆ.

"ಬಲಗಡೆ ಅಷ್ಟು ಜಾಗ ಬಿದ್ದದಲ್ಲ, ಕಾಣಕ್ಕಿಲ್ವ ನಿಂಗೆ? ಅಲ್ಲಿಗೆ ಹೊಡೀಬಾರ್ದಾ?"

"ಕಾಣುತ್ತೆ" ಎಂದಳು.

"ಮತ್ತೆ?"

ಅವಳು ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಊದುತ್ತ ಕೂತಳು. ಆಮೇಲೆ, "ಆ ಕಡೆ ಹೊಡುದ್ರೆ ನೀನು ಇಳೀಬೇಕಲ್ಲಮ್ಮ" ಎಂದಳು.

"ಇಲ್ಲೆಲ್ಲವ್ವಾ ನಮ್ಮ ಹಳ್ಳ?"

"ಗೊತ್ತು. ಕೈಗೆ ಗೊತ್ತಾಗಲ್ಲ. ಬ್ಯಾಟು ಆ ಕಡೆ ತಿರುಗ್ತಿದ್ದಂಗೆ ನಿನ್ನ ಮಂಡಿ ನೆನಪಾಗುತ್ತೆ. ತಾನೇ ನೇರ ಆಗ್ಬುಡುತ್ತೆ."

ಎರಡು ವರ್ಷ ನಾನು ನನ್ನ ಕೋಚಿಂಗ್ ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದು ಇದನ್ನು. ಸಿಟ್ಟಿನಲ್ಲಿ ಆಡಿ ಮರೆತ ಒಂದು ಮಾತನ್ನು ಆ ಹುಡುಗಿ ತೋಳಿನಲ್ಲಿ ಇಟ್ಟುಕೊಂಡಿದ್ದಳು. ನನಗೆ ಅಳು ಬಂತು, ಅದಕ್ಕಿಂತ ಜಾಸ್ತಿ ನನ್ನ ಮೇಲೇ ಸಿಟ್ಟು ಬಂತು. ಬೈಯಲು ಬೇರೆ ಯಾರೂ ಸಿಗದಿದ್ದುದರಿಂದ ಮಂಜನ್ನು ಬೈದೆ. ಅವಳು ಲೋಟ ಕೊಟ್ಟು, ಹೆಲ್ಮೆಟ್ ಎತ್ತಿಕೊಂಡು ಹೋದಳು.

ಮಂಜು ಸರಿಯಿತು. ಕೊನೆಯ ಇನಿಂಗ್ಸ್ ಶುರುವಾಯಿತು. ನಾನು ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಮೈದಾನ ಸುತ್ತಿ ಬಲಗಡೆಯ ಅಂಚಿಗೆ ಹೋದೆ. ಅಲ್ಲಿ ಬಳಿದ ಸುಣ್ಣದ ಗೆರೆಯ ಆಚೆ ಗುಡ್ಡ ಕೆಳಗಿಳಿಯುತ್ತದೆ, ಇಳಿಜಾರಿನ ತುಂಬ ಮುಳ್ಳುಪೊದೆ. ನೋಡಿದರೆ ನಮ್ಮ ಹೊಲದ ಅಂಚಿನಂತೆಯೇ ಇತ್ತು. ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಸ್ವೆಟರಿನ ತೋಳು ಮೇಲಕ್ಕೇರಿಸಿ, ಭಾನುವಾರಗಳಲ್ಲಿ ನಿಲ್ಲುವಂತೆ ನಿಂತೆ. ಗೆರೆಯೊಳಗೆ ಕಾಲಿಡಬಾರದು ಎಂದು ಒಬ್ಬರು ದೂರದಿಂದ ಸನ್ನೆ ಮಾಡಿದರು. ಇಡುವುದಿಲ್ಲ ಎಂದು ನಾನೂ ಸನ್ನೆ ಮಾಡಿದೆ.

ನಮ್ಮ ತಂಡದ ಒಬ್ಬಳು ಮೂರನೇ ಬೇಸ್‌ನಲ್ಲಿದ್ದಾಗ ಮಗಳ ಸರದಿ ಬಂತು. ಎದುರಾಳಿಗಳು ಮತ್ತೆ ಮಧ್ಯಕ್ಕೆ ಸೇರಿದರು. ಮೊದಲ ಚೆಂಡಿಗೆ ಬೀಸಿದಳು, ತಪ್ಪಿತು. ಎರಡನೆಯದೂ ತಪ್ಪಿತು. ಇನ್ನೊಂದು ತಪ್ಪಿದರೆ ಅವಳು ಔಟ್, ಪಟ್ಟಿಯೂ ಅಷ್ಟೇ, ಆ ತಂಡದ ವಯಸ್ಸೂ ಅಷ್ಟೇ. ನನ್ನ ಗಂಟಲಿನವರೆಗೆ ಮಾತು ಬಂದಿತ್ತು. ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ನಾನು ಬಾಯಿ ಮುಚ್ಚಿಕೊಂಡಿದ್ದಿಲ್ಲ, ಹೆರಿಗೆಯಲ್ಲೂ ಇಲ್ಲ. ಅವಳು ಗೋಣಿಚೀಲ ಹಾಸಿದ್ದ ಜಾಗದ ಕಡೆ ತಿರುಗಿ ನೋಡಿದಳು. ಅಲ್ಲಿ ನಾನಿರಲಿಲ್ಲ. ಮೈದಾನದ ಸುತ್ತ ಕಣ್ಣಾಡಿಸಿ ಕೊನೆಗೆ ನನ್ನನ್ನು ಕಂಡಳು. ತೊಡೆ ತಟ್ಟುವ ಪೈಲ್ವಾನನ ಹಾಗೆ ನಾನು ಬಲ ಮಂಡಿಯನ್ನು ಎರಡು ಸಲ ಫಟ್ ಫಟ್ ಎಂದು ತಟ್ಟಿ ತೋರಿಸಿದೆ. ಪ್ರಾಣ ಹೋಗುವಷ್ಟು ನೋವಾಯಿತು. ಮುಖದಲ್ಲಿ ತೋರಿಸಿಕೊಳ್ಳಲಿಲ್ಲ.

ಮುಂದಿನ ಚೆಂಡನ್ನು ಅವಳು ಒಂದು ಚೂರು ತಡೆದು, ಬಲಕ್ಕೆ ಹೊಡೆದಳು. ಅದು ಮೊದಲ ಬೇಸ್‌ನ ಪಕ್ಕದಿಂದ ಸುಯ್ ಎಂದು ಹಾದು, ಖಾಲಿ ಮೈದಾನದ ಹುಲ್ಲಿನ ಮೇಲೆ ಎರಡು ಸಲ ಪುಟಿದು, ಗೆರೆ ದಾಟಿ, ನನ್ನ ಕಾಲಿನ ಪಕ್ಕದಲ್ಲೇ ಇಳಿಜಾರಿಗೆ ಬಿತ್ತು. ಅಷ್ಟನ್ನೇ ನಾನು ನೋಡಿದ್ದು. ಯಾಕೆಂದರೆ ಚೆಂಡಿನ ಹಿಂದೆಯೇ ನಾನೂ ಇಳಿದಿದ್ದೆ. ಯೋಚನೆ ಮಾಡಿ ಇಳಿದದ್ದಲ್ಲ. ಚೆಂಡು ಆ ಕಡೆ ಹೋದರೆ ನಾನು ಇಳಿಯಬೇಕು, ಇದ್ದದ್ದು ಒಂದೇ ಚೆಂಡು, ಅಷ್ಟೇ ತಲೆಯಲ್ಲಿದ್ದದ್ದು. ಮೇಲೆ ಯಾರೋ ಕೂಗುತ್ತಿದ್ದರು, ಯಾರೋ ಶಿಳ್ಳೆ ಹಾಕುತ್ತಿದ್ದರು. ನಾನು ಕೂತು, ಜಾರಿ, ಬೇರು ಹಿಡಿದು, ಮುಳ್ಳಿನಲ್ಲಿ ಕೈ ಹಾಕಿ ಹುಡುಕಿದೆ. ಸಿಕ್ಕಿತು. ಸೆರಗಿನಲ್ಲಿ ಕಟ್ಟಿಕೊಂಡು ನಾಲ್ಕು ಕಾಲಿನಲ್ಲಿ ಹತ್ತಿದೆ.

ಮೇಲೆ ಬಂದರೆ ಆಟ ಮುಂದಕ್ಕೆ ನಡೆಯುತ್ತಿತ್ತು. ಅವರ ಹತ್ತಿರ ಡಬ್ಬದ ತುಂಬ ಚೆಂಡುಗಳಿದ್ದವು. ಇನ್ನೊಂದನ್ನು ತೆಗೆದುಕೊಂಡು ಶುರುಮಾಡಿದ್ದರು. ಪುಟಿದ ಚೆಂಡು ಮೈದಾನದಾಚೆ ಬಿದ್ದರೆ ಎರಡು ಬೇಸ್ ಸಲ್ಲುತ್ತದಂತೆ. ಮೂರನೇ ಬೇಸ್‌ನ ಹುಡುಗಿ ಒಳಗೆ ಬಂದಿದ್ದಳು, ನನ್ನ ಮಗಳು ಎರಡನೇ ಬೇಸ್ ಮೇಲೆ ನಿಂತು ನನ್ನ ಕಡೆಗೇ ನೋಡುತ್ತಿದ್ದಳು. ಯಾರಿಗೂ ಬೇಡದ ಚೆಂಡನ್ನು ಸೆರಗಿನಲ್ಲಿಟ್ಟುಕೊಂಡು, ತಲೆಗೂದಲಿನಲ್ಲಿ ಎಲೆ ಸಿಕ್ಕಿಸಿಕೊಂಡು, ನಾನು ಅವಳಿಗೆ ಕೈ ಬೀಸಿದೆ. ಕುರ್ಚಿಯ ಅಮ್ಮಂದಿರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಅದು ಮಗಳಿಗೋ ನನಗೋ ಗೊತ್ತಾಗಲಿಲ್ಲ.

ಪಂದ್ಯ ನಾವು ಸೋತೆವು. ಸಂಜೆ ಪಟ್ಟಿ ಓದಿದರು. ಒಂದೊಂದೇ ಹೆಸರು ಹೋಗುತ್ತಿದ್ದಂತೆ ಮಗಳು ನನ್ನ ಕಿರುಬೆರಳು ಹಿಡಿದುಕೊಂಡಳು. ಐದನೇ ಕ್ಲಾಸಿನ ಮೇಲೆ ಅವಳು ಹಾಗೆ ಹಿಡಿದಿದ್ದಿಲ್ಲ. ಎಲ್ಲ ಮುಗಿಯಿತು ಎಂದುಕೊಂಡಾಗ ಕೊನೆಯ ಹೆಸರು ಅವಳದಾಗಿತ್ತು. ಸಾರ್ ಕಣ್ಣೊರೆಸಿಕೊಂಡು, ಇದು ಮಂಜಿನ ನೀರು ಎಂದರು.

ಗಂಡ ಪಿಕಪ್ ತಂದಿದ್ದರು. ಮೂವರೂ ಮುಂದೆಯೇ ಒತ್ತಿ ಕೂತೆವು. ಊಟಿ ದಾಟಿದ ಮೇಲೆ ಮಗಳು, "ನಾನು ಹೊಡುದ್ದ ನೋಡ್ದಾ ಅಮ್ಮ? ಓಡುದ್ದ?" ಎಂದು ಕೇಳಿದಳು.

ನೋಡಿದೆ ಎನ್ನಬಹುದಿತ್ತು. "ಇಲ್ಲ ಕನವ್ವ, ಚೆಂಡು ಹುಡುಕ್ತಿದ್ದೆ" ಎಂದೆ.

"ನಂಗೊತ್ತು" ಎಂದಳು. "ನೀನು ಇಳಿಯೋದ್ನೇ ನೋಡ್ತಾ ಓಡ್ದೆ."

ಮಾರನೇ ದಿನ ಭಾನುವಾರ. ಆಯ್ಕೆಯಾದ ಹುಡುಗಿಗೆ ಇನ್ನು ನನ್ನ ಕೋಚಿಂಗ್ ಬೇಡವೇನೋ ಎಂದು ಸುಮ್ಮನಿದ್ದರೆ ಅವಳೇ ಬ್ಯಾಟು ಹಿಡಿದು ಬಂದು ಗೊಬ್ಬರದ ಚೀಲದ ಪಕ್ಕ ನಿಂತಳು. ನಾನು ಎಸೆದು ವಾಡಿಕೆಯಂತೆ ಕೂತೆ. ಚೆಂಡು ತಲೆಯ ಮೇಲೆ ಬರಲಿಲ್ಲ. ಬಲಕ್ಕೆ ಎದ್ದು, ಮೂರೂ ಹೊಲ ದಾಟಿ ಹಳ್ಳಕ್ಕೆ ಹೋಯಿತು. ಅವಳನ್ನೂ, ಅವಳ ಅಪ್ಪನನ್ನೂ, ಆಟಕ್ಕೆ ಹೆಸರಿಟ್ಟವನನ್ನೂ ಸೇರಿಸಿ ಬೈಯುತ್ತ ಇಳಿದೆ. ಮೇಲಿನಿಂದ ಅವಳು, "ನಿಧಾನ ಅಮ್ಮಾ" ಎಂದಳು. "ನೀನು ಇನ್ನೊಂದು ಹೊಡಿ" ಎಂದು ಕೂಗಿದೆ. ಇನ್ನೊಂದು ಚೆಂಡು ಎಲ್ಲಿತ್ತು? ನಾನು ಹುಡುಕಿ ತರುವವರೆಗೂ ಬ್ಯಾಟು ಹೆಗಲಿಗೇರಿಸಿಕೊಂಡು ಅಂಚಿನಲ್ಲೇ ನಿಂತಿದ್ದಳು.